ಮರದ ಬುಡದಲ್ಲಿ ಬಿದ್ದ ಹಿಟ್ಟು

(ಅಂಕೋಲಾ ಹತ್ತಿರದ ಒಂದು ಊರಿನ ಶಾಲೆಯ ಅಂಗಳದಲ್ಲಿ, ಗೇರು ಮತ್ತು ಮಾವು ಬೆಳೆಯುವವರ ಮುಂದೆ ಜನವರಿಯ ಒಂದು ಭಾನುವಾರ ಆಡಿದ ಮಾತುಗಳ ಬರಹ ರೂಪ.)

ಮೊದಲು ಈ ಎರಡು ವಸ್ತು ಕೈಗೆ ತೆಗೆದುಕೊಳ್ಳಿ. ನೋಡಿ, ಪಕ್ಕದವರಿಗೆ ಕೊಡಿ. ಒಂದು, ಗೇರು ಮರದ ಬೇರಿನ ತುಂಡು. ಅದರಲ್ಲಿ ನನ್ನ ಹೆಬ್ಬೆರಳು ಹೋಗುವಷ್ಟು ಅಗಲದ ಸುರಂಗ ಇದೆ. ಇನ್ನೊಂದು ಬೆಳ್ಳಗೆ, ಉದ್ದಕ್ಕೆ, ಮೊಟ್ಟೆಯ ಸಿಪ್ಪೆಯ ಹಾಗಿದೆ. ಉಗುರಿನಿಂದ ತಟ್ಟಿದರೆ ಟಕ್ ಅನ್ನುತ್ತದೆ. ನನ್ನ ಮೊಮ್ಮಗಳು ಇದನ್ನು ಹಕ್ಕಿಯ ಮೊಟ್ಟೆ ಅಂದುಕೊಂಡು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಳು. ಇದು ಮೊಟ್ಟೆ ಅಲ್ಲ. ಗೇರು ಮರ ಕೊರೆಯುವ ಹುಳು ದುಂಬಿಯಾಗುವ ಮೊದಲು ತನಗಾಗಿ ಕಟ್ಟಿಕೊಳ್ಳುವ ಸುಣ್ಣದ ಗೂಡು. ಒಂದು ತುದಿಯಲ್ಲಿ ತೂತು ಕಾಣುತ್ತದಲ್ವಾ? ಅಲ್ಲಿಂದ ದುಂಬಿ ಹೊರಟು ಹೋಗಿದೆ. ಇದು ನನಗೆ ಸಿಕ್ಕಿದ್ದು ಮರ ಕಡಿದು ಒಂದು ಮಳೆಗಾಲ ಕಳೆದ ಮೇಲೆ, ನೆಲದೊಳಗೆ ಉಳಿದಿದ್ದ ಬುಡದಲ್ಲಿ. ಮರ ಹೋಗಿತ್ತು. ಹುಳು ಇತ್ತು.

ಆ ಮರದ ಕಥೆ ಹೇಳುತ್ತೇನೆ. ನಮ್ಮ ಬೇಣದಲ್ಲಿ, ಅಂದರೆ ಮನೆ ಬಳಿಯ ಗುಡ್ಡದ ಜಮೀನಿನಲ್ಲಿ, ಅಪ್ಪ ನೆಟ್ಟ ಗೇರು ಮರಗಳಿದ್ದವು. ಬಾವಿಯ ಹತ್ತಿರದ್ದು ಎಲ್ಲಕ್ಕಿಂತ ದೊಡ್ಡದು. ಏಪ್ರಿಲ್ ಬಂತೆಂದರೆ ಅದರ ಹಣ್ಣಿನ ವಾಸನೆ ಅಡುಗೆಮನೆವರೆಗೂ ಬರುತ್ತಿತ್ತು. ಒಂದು ವರ್ಷ ಅದರ ಎಲೆ ಹಳದಿಯಾಯಿತು. ನೀರು ಸಾಲದೇನೋ ಅಂದುಕೊಂಡೆ. ಎರಡು ಬುಟ್ಟಿ ಗೊಬ್ಬರ ಹಾಕಿಸಿದೆ. ಮರುವರ್ಷ ಟೊಂಗೆಗಳು ಒಣಗಿದವು. ಬುಡದಲ್ಲಿ ಒರಲೆ, ಅಂದರೆ ಗೆದ್ದಲು, ಹತ್ತಿತ್ತು. ಒರಲೆ ತಿಂದೇ ಮರ ಸತ್ತಿತು ಅಂತ ನೋಡಿದವರೆಲ್ಲ ಹೇಳಿದರು. ನಾನೂ ನಂಬಿದೆ. ಒರಲೆ ಬಂದದ್ದು ಮರ ಸತ್ತ ಮೇಲೆ ಅಂತ ನನಗೆ ಗೊತ್ತಾಗುವಾಗ ತಡವಾಗಿತ್ತು.

ಮರವನ್ನು ಮೊಣಕಾಲೆತ್ತರಕ್ಕೆ ಕಡಿಸಿದೆ. ಬುಡ ಹಾಗೇ ಬಿಟ್ಟೆ. ಕಟ್ಟಿಗೆಯನ್ನು ಬಚ್ಚಲ ಒಲೆಗೆ ಆಗುತ್ತದೆ ಅಂತ ಬೇಲಿಯ ಪಕ್ಕ, ಉಳಿದ ಗೇರು ಮರಗಳ ನೆರಳಲ್ಲೇ ಪೇರಿಸಿಟ್ಟೆ. ಅಷ್ಟೇ ಅಲ್ಲ, ಅರ್ಧ ಗಾಡಿ ಕಟ್ಟಿಗೆ ಪಕ್ಕದ ಊರಿನ ನೆಂಟರ ಮನೆಯ ಮದುವೆಗೆ ಕೊಟ್ಟೆ. ಮೂರು ವರ್ಷದಲ್ಲಿ ನಮ್ಮ ಬೇಣದ ಐದು ಮರ ಹೋದವು. ನೆಂಟರ ಬೇಣದಲ್ಲೂ ಎರಡು ಮರ ಒಣಗಿದವು. ಅದು ನನ್ನ ಕಟ್ಟಿಗೆಯಿಂದಲೇ ಹೋಯಿತು ಅಂತ ಪ್ರಮಾಣ ಮಾಡಿ ಹೇಳಲಾರೆ. ಆದರೆ ನೆನಪಾದಾಗಲೆಲ್ಲ ಮನಸ್ಸಿಗೆ ಚುಚ್ಚುತ್ತದೆ. ಇವತ್ತು ನಿಮ್ಮ ಮುಂದೆ ನಿಂತಿರುವುದೂ ಅದಕ್ಕೇ.

ಈ ಹುಳುವಿನ ಬಾಳು ಹೇಗೆ ನಡೆಯುತ್ತದೆ ಅಂತ ತಿಳಿದರೆ ಮುಂದಿನದೆಲ್ಲ ಸುಲಭ. ಇದರ ದುಂಬಿ ಕೆಂಪು ಮಿಶ್ರಿತ ಕಂದು ಬಣ್ಣದ್ದು, ಉದ್ದ ಮೀಸೆಯದ್ದು. ನಮ್ಮ ಕಿರುಬೆರಳಿನ ಅರ್ಧಕ್ಕಿಂತ ಸ್ವಲ್ಪ ಉದ್ದ. ಹೆಣ್ಣು ದುಂಬಿ ಕಾಂಡದ ಕೆಳಭಾಗದಲ್ಲಿ, ನೆಲದಿಂದ ಸುಮಾರು ಒಂದು ಮೀಟರಿನೊಳಗೆ, ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತದೆ. ಮಣ್ಣು ಕೊಚ್ಚಿಹೋಗಿ ಬೇರು ಹೊರಗೆ ಕಾಣುತ್ತಿದ್ದರೆ ಅಲ್ಲೂ ಇಡುತ್ತದೆ. ಮರಿಹುಳು ಒಡೆದು ಬಂದದ್ದೇ ತೊಗಟೆಯ ಕೆಳಗೆ ನುಗ್ಗುತ್ತದೆ. ಅಲ್ಲಿಂದ ಹಲವು ತಿಂಗಳು ಅದಕ್ಕೆ ಬಿಸಿಲಿಲ್ಲ, ಮಳೆ ಇಲ್ಲ, ಹಕ್ಕಿಯ ಭಯ ಕಡಿಮೆ. ತಿನ್ನುವುದೊಂದೇ ಕೆಲಸ.

ತಿನ್ನುವುದು ಏನನ್ನು? ಇದನ್ನು ಸರಿಯಾಗಿ ತಿಳಿಯಬೇಕು. ಮರದ ಜೀವ ಇರುವುದು ನಡುವಿನ ತಿರುಳಿನಲ್ಲಿ ಅಲ್ಲ. ತೊಗಟೆಗೆ ಅಂಟಿಕೊಂಡ, ಒದ್ದೆಯಾದ ತೆಳ್ಳಗಿನ ಪದರದಲ್ಲಿ. ಎಲೆ ಬೇಯಿಸಿದ ಊಟ ಬೇರಿಗೆ ಇಳಿಯುವುದು ಅದೇ ದಾರಿಯಲ್ಲಿ. ಹಳೆಯ ಹಲಸಿನ ಮರ ನಡುವೆ ಪೂರ್ತಿ ಪೊಳ್ಳಾಗಿದ್ದರೂ ಕಾಯಿ ಬಿಡುವುದನ್ನು ನೀವೆಲ್ಲ ನೋಡಿದ್ದೀರಿ. ಅದರ ತೊಗಟೆಯನ್ನು ಒಂದು ಗೇಣು ಅಗಲ ಸುತ್ತಲೂ ಸುಲಿದು ನೋಡಿ, ನಿಧಾನವಾಗಿ ಸಾಯುತ್ತದೆ. ಈ ಹುಳು ಮಾಡುವುದು ಅದನ್ನೇ. ಒಳಗಿನಿಂದ ಸುಲಿಯುತ್ತಾ ಸುತ್ತು ಬರುತ್ತದೆ. ಅರ್ಧ ಸುತ್ತು ಮುಗಿದಿದ್ದರೆ ಆ ಮರ ಉಳಿಯುವ ಆಸೆ ಬಹಳ ಕಡಿಮೆ. ಎಲೆ ಹಳದಿಯಾಗುವುದು ಆ ಹೊತ್ತಿಗೆ. ನಾವು ತಲೆ ಎತ್ತಿ ನೋಡಿ "ಓ, ಏನೋ ಆಗಿದೆ" ಅನ್ನುವಾಗ ಕೆಳಗೆ ಎಲ್ಲ ಆಗಿ ಹೋಗಿರುತ್ತದೆ.

ಈಗ ದೂರದ ಒಂದು ಊರಿಗೆ ಹೋಗಿ ಬರೋಣ. ಅಮೆರಿಕದ ಮಿಷಿಗನ್ ರಾಜ್ಯ, ಡೆಟ್ರಾಯಿಟ್ ನಗರ. ಅಲ್ಲಿ ಬೀದಿಬೀದಿಯಲ್ಲಿ ಆಶ್ ಅನ್ನುವ ಮರ ಇತ್ತು. ಹಿಂದೆ ಎಲ್ಮ್ ಅನ್ನುವ ಮರಗಳು ರೋಗ ಬಂದು ಸತ್ತಾಗ ಅವುಗಳ ಜಾಗಕ್ಕೆ ಸಾಲಾಗಿ ನೆಟ್ಟಿದ್ದು ಇದನ್ನೇ. ಬಹುಕಾಲ ಬೇಸ್‌ಬಾಲ್ ಬ್ಯಾಟು ಹೆಚ್ಚಾಗಿ ಮಾಡುತ್ತಿದ್ದದ್ದು ಇದರಿಂದ. ಅಲ್ಲಿನ ಮೂಲನಿವಾಸಿಗಳು ಕಪ್ಪು ಆಶ್ ಮರದ ದಿಮ್ಮಿಯನ್ನು ಬಡಿದು ಬಡಿದು, ಪದರ ಪದರವಾಗಿ ಬಿಡಿಸಿ, ಆ ಪಟ್ಟಿಯಲ್ಲಿ ಬುಟ್ಟಿ ಹೆಣೆಯುತ್ತಾರೆ. ನಮ್ಮಲ್ಲಿ ಬಿದಿರು ಸೀಳಿ ಹೆಣೆದ ಹಾಗೆ. ತಲೆಮಾರುಗಳಿಂದ ಬಂದ ಕಸುಬು.

2002ರಲ್ಲಿ ಆ ಮರಗಳಲ್ಲಿ ಒಂದು ಹೊಸ ದುಂಬಿ ಸಿಕ್ಕಿತು. ಎಮರಾಲ್ಡ್ ಆಶ್ ಬೋರರ್. ನೋಡಲು ಬಹಳ ಚೆಂದ, ಪಚ್ಚೆಯ ಹಾಗೆ ಮಿರಮಿರ ಮಿಂಚುತ್ತದೆ. ಮಕ್ಕಳು ಬೆಂಕಿಪೊಟ್ಟಣದಲ್ಲಿಟ್ಟು ಸಾಕುವ ಹಸಿರು ದುಂಬಿ ಇದೆಯಲ್ಲ, ಹಳಿಯಾಳ, ಧಾರವಾಡದ ಕಡೆ ಜೀರಂಗಿ ಅನ್ನುತ್ತಾರೆ, ಅದೇ ಬಳಗದ್ದು. ಆದರೆ ಸಣ್ಣದು, ಒಂದರಿಂದ ಒಂದೂವರೆ ಸೆಂಟಿಮೀಟರ್. ಅದರ ತವರು ಚೀನಾ, ಕೊರಿಯಾ, ರಷ್ಯಾದ ಪೂರ್ವ ಭಾಗ. ಅಮೆರಿಕಕ್ಕೆ ಬಂದದ್ದು ಸಾಮಾನು ತುಂಬಿದ ಮರದ ಪೆಟ್ಟಿಗೆ, ಹಲಗೆಗಳಲ್ಲಿ ಇರಬೇಕು ಅಂತ ತಿಳಿದವರು ಹೇಳುತ್ತಾರೆ. ಮರಗಳ ವರ್ಷದ ಉಂಗುರ ಎಣಿಸಿ ನೋಡಿದಾಗ ಇನ್ನೊಂದು ಸಂಗತಿ ಗೊತ್ತಾಯಿತು. ಆ ಹುಳು 1990ರ ದಶಕದಲ್ಲೇ ಬಂದು ನೆಲೆಸಿತ್ತು. ಅಷ್ಟು ವರ್ಷ ಅದು ಅಲ್ಲಿದೆ ಅಂತ ಯಾರಿಗೂ ಗೊತ್ತಾಗಲಿಲ್ಲ. ಅಷ್ಟೊತ್ತಿಗೆ ಕೈ ಮೀರಿತ್ತು.

ಅದು ಕೊರೆಯುವುದೂ ತೊಗಟೆಯ ಕೆಳಗೇ. ಹಾವು ಹರಿದ ಹಾಗೆ ಅಂಕುಡೊಂಕು ಗೆರೆ. ಹೊರಗೆ ಕಾಣುವ ಗುರುತು ಸಣ್ಣದು. ಇಂಗ್ಲಿಷಿನ 'ಡಿ' ಅಕ್ಷರದ ಆಕಾರದ ತೂತು, ಮೂರು ಮಿಲಿಮೀಟರಿನಷ್ಟು. ಇನ್ನೊಂದು ಗುರುತು ಹೇಳುತ್ತೇನೆ, ನನಗೆ ಬಹಳ ಹಿಡಿಸಿದ್ದು. ಮನುಷ್ಯರಿಗಿಂತ ಮೊದಲು ಮರಕುಟಿಗಗಳಿಗೆ ಹುಳುವಿನ ಸುಳಿವು ಸಿಗುತ್ತಿತ್ತು. ಅವು ಹುಳು ಹುಡುಕಿ ಹೊರತೊಗಟೆ ಕೆದಕಿ ಕೆದಕಿ ಕಾಂಡವೆಲ್ಲ ತಿಳಿ ಬಣ್ಣಕ್ಕೆ ತಿರುಗುತ್ತಿತ್ತು. ಹಕ್ಕಿ ಎಲ್ಲಿ ಕುಟ್ಟುತ್ತಿದೆ ಅಂತ ನೋಡಿದವನಿಗೆ ಹುಳು ಸಿಕ್ಕಿತು. ನಮ್ಮ ತೋಟದಲ್ಲೂ ಮರಕುಟಿಗ ಒಂದೇ ಮರಕ್ಕೆ ಮತ್ತೆ ಮತ್ತೆ ಬರುತ್ತಿದ್ದರೆ ಹೋಗಿ ನೋಡಬೇಕು.

ಕೋಟಿಗಟ್ಟಲೆ ಆಶ್ ಮರ ಸತ್ತವು. ಮರ, ಕಟ್ಟಿಗೆ ಸಾಗಿಸಲು ನಿರ್ಬಂಧ ಹಾಕಿದರು, ಮರ ಕಡಿದರು, ಕಾಂಡಕ್ಕೆ ಇಂಜೆಕ್ಷನ್ ಕೊಟ್ಟರು. ಬೀದಿಯ ಮರಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ಇಂಜೆಕ್ಷನ್ ಕೊಡಬಹುದು. ಕಾಡಿನ ಮರಕ್ಕೆ ಯಾರು ಕೊಡುತ್ತಾರೆ? 2007ರಿಂದ ಹುಳುವಿನ ತವರಿನಿಂದಲೇ ಅದನ್ನು ತಿನ್ನುವ ಸಣ್ಣ ಕಣಜಗಳನ್ನು ತಂದು ಬಿಡುತ್ತಿದ್ದಾರೆ. 2021ರಲ್ಲಿ ಅಲ್ಲಿನ ಕೇಂದ್ರ ಸರ್ಕಾರ ತನ್ನ ನಿರ್ಬಂಧವನ್ನೇ ತೆಗೆದುಹಾಕಿತು. ಆ ನಿರ್ಬಂಧದಿಂದ ಹುಳು ನಿಂತಿರಲಿಲ್ಲ.

ಆ ದುಂಬಿ ತಾನಾಗಿ ಹಾರಿ ಹೋಗುವುದು ಕೆಲವು ಕಿಲೋಮೀಟರ್. ಮತ್ತೆ ನೂರಾರು ಕಿಲೋಮೀಟರ್ ದಾಟಿದ್ದು ಹೇಗೆ? ಕಟ್ಟಿಗೆಯ ಮೇಲೆ. ರಜೆಯಲ್ಲಿ ಕಾಡಿಗೆ ಹೋಗಿ ಬೆಂಕಿ ಹಾಕಿ ಕೂರುವ ಜನ ಮನೆಯಿಂದ ಕಟ್ಟಿಗೆ ಕಾರಿಗೆ ಹಾಕಿಕೊಂಡು ಹೋದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ. ಇದನ್ನು ಮೊದಲ ಸಲ ಓದಿದಾಗ ನನಗೆ ಆ ಅರ್ಧ ಗಾಡಿ ಮದುವೆ ಕಟ್ಟಿಗೆ ನೆನಪಾಯಿತು.

ಅದೇ ದೇಶದ ಇನ್ನೊಂದು ಕಥೆಯನ್ನೂ ಹೇಳಬೇಕು, ಯಾಕೆಂದರೆ ಅದು ಗೆದ್ದ ಕಥೆ. ಏಷ್ಯಾದ ಉದ್ದ ಮೀಸೆಯ ದುಂಬಿಯೊಂದು 1996ರಲ್ಲಿ ನ್ಯೂಯಾರ್ಕಿನಲ್ಲಿ, 1998ರಲ್ಲಿ ಷಿಕಾಗೋದಲ್ಲಿ ಕಾಣಿಸಿತು. ಕಪ್ಪು ಮೈ, ಬಿಳಿ ಚುಕ್ಕಿ. ಷಿಕಾಗೋದಲ್ಲಿ ಅದು ಮೊದಲು ಬಿದ್ದದ್ದು ಸಾಮಾನ್ಯ ಜನರ ಕಣ್ಣಿಗೆ. ಅವರು ಸುಮ್ನೆ ಕೂರದೆ ತಿಳಿಸಿದರು. ಹುಳು ಹೊಕ್ಕ ಮರ 1,500ಕ್ಕೂ ಹೆಚ್ಚು ಕಡಿಯಬೇಕಾಯಿತು. ಆದರೆ 2008ರಲ್ಲಿ ಷಿಕಾಗೋದಲ್ಲಿ ಆ ಹುಳು ಇಲ್ಲ ಅಂತ ಘೋಷಿಸಿದರು. ಪೂರ್ತಿ ಓಡಿಸಿದರು! ಆ ದುಂಬಿ ನಿಧಾನಕ್ಕೆ ಹರಡುವಂಥದ್ದು, ಅದೂ ಒಂದು ಅನುಕೂಲ ಆಯಿತು. ಆದರೂ ಷಿಕಾಗೋದಲ್ಲಿ ಹುಳು ಬೇಗ ಕಂಡಿತು, ಡೆಟ್ರಾಯಿಟಿನಲ್ಲಿ ತಡವಾಗಿ ಕಂಡಿತು. ಕೊನೆಗೆ ದೊಡ್ಡ ವ್ಯತ್ಯಾಸ ಆದದ್ದು ಅಲ್ಲೇ ಅಂತ ನನ್ನ ನಂಬಿಕೆ.

ಈಗ ನಿಮಗೊಂದು ಪ್ರಶ್ನೆ ಬರುತ್ತದೆ. ಆ ಪಚ್ಚೆ ದುಂಬಿ ತವರಿನಲ್ಲಿ ಮರಗಳನ್ನೆಲ್ಲ ಕೊಂದುಹಾಕಲಿಲ್ಲ ಯಾಕೆ? ಚೀನಾದ ಆಶ್ ಮರ ಆ ಹುಳುವಿನ ಜೊತೆ ಸಾವಿರಾರು ವರ್ಷ ಬಾಳಿದೆ, ತಡೆದುಕೊಳ್ಳುವುದು ಕಲಿತಿದೆ. ಹುಳುವನ್ನು ತಿನ್ನುವ ಕಣಜಗಳೂ ಅಲ್ಲಿವೆ. ಅಮೆರಿಕದ ಮರಕ್ಕೆ ಅದರ ಪರಿಚಯವೇ ಇರಲಿಲ್ಲ.

ನಮ್ಮ ಗೇರಿನ ಕಥೆ ಇದರ ತಿರುವುಮುರುವು. ಹುಳು ಇಲ್ಲಿನದು, ಮರ ಹೊರಗಿನದು. ಗೇರು ಬ್ರೆಜಿಲ್ ಕಡೆಯ ಮರ. ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರು ನಮ್ಮ ಕರಾವಳಿಗೆ ತಂದರು. ನಮಗೆ ಅದು ಅಜ್ಜನ ಕಾಲದ ಮರ, ನಮ್ಮದೇ ಮರ. ಹುಳುವಿನ ಲೆಕ್ಕದಲ್ಲಿ ಮಾತ್ರ ಅದು ಹೊಸಬ.

ಮೂರನೆಯ ಥರದ ಕಥೆಯೂ ಇದೆ. ತೆಂಗಿನ ಕೆಂಪು ಮೂತಿ ಹುಳು ಗೊತ್ತಲ್ಲ? ನಮ್ಮ ಕಡೆಯದೇ. ಅದು 1980ರ ದಶಕದ ಮಧ್ಯದಲ್ಲಿ ಕೊಲ್ಲಿ ದೇಶಗಳಿಗೆ ಹೋಯಿತು. ಖರ್ಜೂರದ ಮರಗಳಿಗೆ ಹತ್ತಿತು. ಅಲ್ಲಿಂದ ಈಜಿಪ್ಟು, ಸ್ಪೇನ್. ಹೋದದ್ದು ಸಸಿ, ಮರಿಗಿಡಗಳನ್ನು ಸಾಗಿಸಿದಾಗ, ಅದರೊಳಗೆ ಕೂತು. ಭಟ್ಕಳದ ಎಷ್ಟೋ ಮನೆಯವರು ದುಬೈಯಲ್ಲಿದ್ದಾರೆ. ಅವರು ಅಲ್ಲಿ ನೋಡುವ ಖರ್ಜೂರದ ಮರಕ್ಕೆ ನಮ್ಮ ತೆಂಗಿನ ತೋಟದ ಹುಳುವೇ ಕಂಟಕ. ಹಾಗಾಗಿ ಹೊರಗಿನ ಹುಳು ಕೆಟ್ಟದ್ದು, ಊರಿನ ಹುಳು ಒಳ್ಳೆಯದು ಅಂತ ಲೆಕ್ಕ ಹಾಕಬೇಡಿ. ಅವನ್ನು ಗಾಡಿಗೆ, ಹಡಗಿಗೆ ಹತ್ತಿಸುವವರು ನಾವು.

ನಮ್ಮ ಬಾಗಿಲೂ ತೆರೆದೇ ಇದೆ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯ ತೆಂಗಿನಲ್ಲಿ ಮೊದಲು ಕಂಡ ಸುರುಳಿ ಬಿಳಿನೊಣ ಈಗ ನಿಮ್ಮ ಹಿತ್ತಲಿನ ಗರಿಯ ಮೇಲೂ ಕಾಡಿಗೆಯಂಥ ಕಪ್ಪು ಮಸಿ ಬಳಿದಿರಬಹುದು. ಅದಕ್ಕೂ ಮೊದಲು ಕಾಳುಮೆಣಸಿನ ಬಳ್ಳಿ ಹಬ್ಬಿಸುವ ಹಾಲವಾಣದ ಎಲೆಗೆ ಗಂಟು ಬರಿಸುವ ಕಣಜ ಬಂತು. ಅವು ಮರ ಕೊರೆಯುವಂಥವಲ್ಲ. ಆದರೆ ಬಂದವು. ನಾಳೆ ಕೊರೆಯುವಂಥದ್ದೊಂದು ಬಂದು ನಮ್ಮ ಕಾಡಿನ ಮತ್ತಿ, ನಂದಿ, ಹೊನ್ನೆ ಹಿಡಿದರೆ? ಬೇಣದ ನಲವತ್ತು ಗೇರು ಮರದ ಬುಡ ನಾನು ನೋಡಿಕೊಳ್ಳಬಹುದು. ಯಲ್ಲಾಪುರದ ಕಾಡಿನ ಬುಡ ಯಾರು ನೋಡುತ್ತಾರೆ? ಗುಡ್ಡದ ತುಂಬ ಅಕೇಶಿಯಾ, ಕಡಲ ದಂಡೆಯ ತುಂಬ ಗಾಳಿ ಮರ, ಹೀಗೆ ಒಂದೇ ಜಾತಿ ಸಾಲಾಗಿ ನೆಟ್ಟಿರುವುದು ನೋಡಿದರೂ ನನಗೆ ಡೆಟ್ರಾಯಿಟಿನ ಬೀದಿಗಳೇ ನೆನಪಾಗುತ್ತವೆ. ಒಂದಕ್ಕೆ ಬಂದರೆ ಎಲ್ಲಕ್ಕೂ ಬಂತು.

ಪರದೇಶದಿಂದ ಬರುವ ಮರದ ಪೆಟ್ಟಿಗೆಗೆ ಒಂದು ನಿಯಮ ಇದೆ. ಮರದ ಒಳತಿರುಳಿನವರೆಗೂ 56 ಡಿಗ್ರಿ ಸೆಲ್ಸಿಯಸ್ ಶಾಖ, ಬಿಡದೆ 30 ನಿಮಿಷ ತಾಗಿರಬೇಕು. ಇಲ್ಲವೇ ವಿಷದ ಹೊಗೆ ಹಾಯಿಸಿರಬೇಕು. ಹಾಗೆ ಮಾಡಿದ ಹಲಗೆಯ ಮೇಲೆ ಗೋಧಿ ತೆನೆಯ ಹಾಗಿನ ಮುದ್ರೆ ಇರುತ್ತದೆ, ಪಕ್ಕದಲ್ಲಿ ಶಾಖ ಕೊಟ್ಟಿದ್ದರೆ 'ಎಚ್‌ಟಿ' ಅಂತಲೋ ಹೊಗೆ ಹಾಯಿಸಿದ್ದರೆ 'ಎಂಬಿ' ಅಂತಲೋ ಅಕ್ಷರ. ಯಂತ್ರದ ಜೊತೆ ಬಂದ ಹಲಗೆಗಳು ಆಮೇಲೆ ಗುಜರಿಗೆ ಹೋಗುತ್ತವೆ, ಅಲ್ಲಿಂದ ನಮ್ಮ ಕೋಳಿಗೂಡಿಗೂ ಬರುತ್ತವೆ. ಅಗ್ಗಕ್ಕೆ ಸಿಕ್ಕಿತು ಅಂತ ತರುವ ಮೊದಲು ಆ ಮುದ್ರೆ ನೋಡಿ. ತೊಗಟೆ ಇದ್ದರೆ, ತೂತಿದ್ದರೆ, ಹಿಟ್ಟು ಉದುರುತ್ತಿದ್ದರೆ ಮುಟ್ಟಬೇಡಿ.

ಇನ್ನು ನಮ್ಮ ಮರಗಳಿಗೆ ಬರೋಣ. ಈಗ ಗೇರು ಹೂ ಬಿಡುವ ಕಾಲ. ಎಲ್ಲರೂ ಬೇಣಕ್ಕೆ ಹೋಗುತ್ತೀರಿ, ತಲೆ ಎತ್ತಿ ಹೂ ನೋಡುತ್ತೀರಿ. ನಾನು ಕೇಳುವುದು ಇಷ್ಟೇ, ಇನ್ನು ಮೇಲೆ ತಲೆ ತಗ್ಗಿಸಿ ನಡೆಯಿರಿ. ತಿಂಗಳಿಗೆ ಒಂದು ಸಲ ಸಾಕು. ಬುಡದ ದರಗು, ಅಂದರೆ ಒಣಗಿ ಬಿದ್ದ ಎಲೆ, ಸರಿಸಿ. ಕಾಂಡದಿಂದ ಅಂಟು ಒಸರಿದೆಯಾ ನೋಡಿ. ಬುಡದಲ್ಲಿ ಗರಗಸದ ಹೊಟ್ಟಿನಂಥ ಹಿಟ್ಟು ಬಿದ್ದಿದೆಯಾ ನೋಡಿ. ಹಿಟ್ಟು ಒದ್ದೆಯಾಗಿ, ತಿಳಿ ಬಣ್ಣದಲ್ಲಿದ್ದರೆ ಹುಳು ಈಗ ಒಳಗೆ ತಿನ್ನುತ್ತಿದೆ ಅಂತ ಅರ್ಥ. ಎಲೆ ಇನ್ನೂ ಹಸಿರಾಗಿರುತ್ತದೆ, ಮರ ಚೆನ್ನಾಗಿಯೇ ಕಾಣುತ್ತದೆ. ಮರ ಉಳಿಸಬಹುದಾದ ಹೊತ್ತು ಅದೇ.

ಒಂದು ಉಳಿ, ಒಂದು ಸುತ್ತಿಗೆ ತನ್ನಿ. ಹಿಟ್ಟು ಬಂದ ಜಾಗದಿಂದ ಸುರಂಗದ ಜಾಡು ಹಿಡಿದು ಸತ್ತ ತೊಗಟೆಯನ್ನಷ್ಟೇ ಬಿಡಿಸುತ್ತಾ ಹೋಗಿ. ಜೀವಂತ ತೊಗಟೆಗೆ ಕೈ ಹಾಕಬೇಡಿ. ಸುರಂಗದ ತುಂಬ ಒದ್ದೆ ಹಿಟ್ಟು ಗಿಡಿದಿರುತ್ತದೆ. ಅದರ ತುದಿಯಲ್ಲಿ ಕೆನೆ ಬಣ್ಣದ, ಕಂದು ತಲೆಯ, ಕಾಲೇ ಇಲ್ಲದಂಥ ಹುಳು ಸಿಗುತ್ತದೆ. ದೊಡ್ಡದಾದರೆ ಬೆರಳುದ್ದ. ಒಂದು ಸಿಕ್ಕಿತು ಅಂತ ನಿಲ್ಲಿಸಬೇಡಿ, ಒಂದೇ ಮರದಲ್ಲಿ ಹಲವು ಇರುತ್ತವೆ. ಹುಳು ತೆಗೆದ ಗಾಯಕ್ಕೆ ಮದ್ದು ಹಚ್ಚಬೇಕು. ಯಾವುದು, ಎಷ್ಟು ಅಂತ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ. ಹುಳು ತಾಗದ ಅಕ್ಕಪಕ್ಕದ ಮರಗಳಿಗೆ ಲೀಟರ್ ನೀರಿಗೆ 50 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪು ಸೇರಿಸಿ, ಬುಡದಿಂದ ಒಂದು ಮೀಟರ್ ಎತ್ತರದವರೆಗೆ ಮತ್ತು ಹೊರಬಿದ್ದ ಬೇರಿಗೆ ಬಳಿಯಿರಿ. ಬೇರಿಗೆ ಮಣ್ಣು ಮುಚ್ಚಿ.

ಸತ್ತ ಮರವನ್ನು ಬುಡ ಸಮೇತ ಕೀಳಬೇಕು. ನಾನು ಮಾಡಿದ ಹಾಗೆ ಮೊಣಕಾಲೆತ್ತರಕ್ಕೆ ಕಡಿದು ಬಿಟ್ಟರೆ ಆ ಸುಣ್ಣದ ಗೂಡುಗಳೆಲ್ಲ ಬೇರಿನಲ್ಲೇ ಉಳಿಯುತ್ತವೆ. ಕಿತ್ತ ಬುಡ, ತೊಗಟೆ ಇರುವ ಕಟ್ಟಿಗೆ ಎಲ್ಲ ಕೂಡಲೇ ಒಲೆಗೆ. ಬೇಣದಲ್ಲಿ ಪೇರಿಸಬೇಡಿ. ಬೇರೆ ಊರಿಗೆ ಕೊಡಬೇಡಿ, ಮದುವೆಗೂ ಕೊಡಬೇಡಿ.

ಮಾವಿನ ಬಗ್ಗೆ ಎರಡು ಮಾತು. ನಿಮ್ಮ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಗುರುತು, ಅಂದರೆ ಇದು ಈ ಊರಿನದೇ ಅನ್ನುವ ಸರ್ಕಾರಿ ಗುರುತು, ಸಿಕ್ಕಿತು. ಸಂತೋಷವೇ. ಆದರೆ ಒಳ್ಳೆಯ ಇಶಾಡದ ಮರಗಳು ಹೆಚ್ಚಿನವು ಹಳೆಯವು, ಕಾಂಡ ಕೊರಕಕ್ಕೆ ಹಳೆಯ ಮರ ಅಂದರೆ ಇಷ್ಟ. ಅದರ ದುಂಬಿ ಬೂದು ಬಣ್ಣದ್ದು, ಗೇರಿನದಕ್ಕಿಂತ ದೊಡ್ಡದು. ಟೊಂಗೆಯಿಂದ ಹಿಟ್ಟು ಉದುರಿದರೆ ತೂತು ಹುಡುಕಿ, ಸೈಕಲ್ ಕಡ್ಡಿಯ ತುದಿ ಕೊಕ್ಕೆಯಂತೆ ಬಗ್ಗಿಸಿ ಒಳಗೆ ಹಾಕಿ ಹುಳು ಎಳೆಯಿರಿ, ಆಮೇಲೆ ತೂತನ್ನು ಮಣ್ಣಿನಿಂದ ಮುಚ್ಚಿ. ತೆಂಗಿಗಾದರೆ ಹಸಿ ಹೆಡೆಯನ್ನು, ಅಂದರೆ ಗರಿಯನ್ನು, ಕಾಂಡಕ್ಕೆ ತಾಗಿ ಕಡಿಯಬೇಡಿ. ನಾಲ್ಕು ಅಡಿ ಬಿಟ್ಟು ಕಡಿಯಿರಿ. ಕೆಂಪು ಮೂತಿ ಹುಳು ಗಾಯದ ವಾಸನೆ ಹಿಡಿದೇ ಬರುತ್ತದೆ.

ಮಾತು ಮುಗಿದ ಮೇಲೆ ಹಿಂದೆ ಕೂತಿದ್ದ ಒಬ್ಬ ಹಿರಿಯ ಹೆಂಗಸು ಕೇಳಿದರು. "ಮಾಸ್ತರ್ರೇ, ನಮಗೆ ಇರುವುದೇ ಆರು ಮರ. ಅದರಲ್ಲಿ ಒಂದು ಹಳದಿಯಾಗಿದೆ. ಹೋದ ವರ್ಷ ಅದೊಂದೇ ಒಂದು ಡಬ್ಬಿ ಬೀಜ ಕೊಟ್ಟಿತ್ತು. ಕಡಿ ಅಂದರೆ ಹೇಗೆ ಕಡಿಯೋದು?" ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. "ಅಮ್ಮಾ, ಮೊದಲು ನೋಡೋಣ, ನಡೆಯಿರಿ" ಅಂದೆ. ಶಾಲೆಯಿಂದ ಅವರ ಮನೆ ಹತ್ತಿರವೇ. ಹತ್ತು ಹದಿನೈದು ಜನ ಜೊತೆಗೆ ಬಂದರು.

ಹಳದಿಯಾದ ಮರದ ಬುಡ ಕೆದಕಿದರೆ ಮುಕ್ಕಾಲು ಸುತ್ತು ತೊಗಟೆ ಟೊಳ್ಳು. ಬೆರಳಿನಿಂದ ಒತ್ತಿದರೆ ಒಳಗೆ ಹೋಗುತ್ತಿತ್ತು. ಅದು ಉಳಿಯುವುದಿಲ್ಲ ಅಂತ ಹೇಳಬೇಕಾಯಿತು. ಅವರು ಏನೂ ಮಾತಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಪಕ್ಕದ ಮರದ ಹತ್ತಿರ ಹೋಗಿ ಕೂತರು. ದರಗು ಸರಿಸಿದರು. ಎಲೆಯೆಲ್ಲ ಹಸಿರಾಗಿದ್ದ, ಹೂ ತುಂಬಿದ್ದ ಮರ ಅದು. ಬೇರು ಕವಲೊಡೆಯುವ ಜಾಗದಲ್ಲಿ ಒಂದು ಹಿಡಿಯಷ್ಟು ಹಿಟ್ಟು. ಅದನ್ನು ಎರಡು ಬೆರಳಲ್ಲಿ ಹಿಸುಕಿ ನೋಡಿದರು. "ಒದ್ದೆ ಉಂಟು" ಅಂದರು.

ಉಳಿ ಅವರೇ ಕೇಳಿ ಇಸಿದುಕೊಂಡರು. ಅರ್ಧ ಗಂಟೆಯಲ್ಲಿ ನಾಲ್ಕು ಹುಳು ಸಿಕ್ಕವು. ಅಂಗಳದ ಕೋಳಿಗಳು ಓಡಿ ಬಂದು ತಿಂದವು. ತೊಗಟೆ ಹೋದದ್ದು ಒಂದು ಗೇಣಿನಷ್ಟು ಮಾತ್ರ. ನಾವು ಹೊರಡುವಾಗ ಅವರು ಮೂರನೆಯ ಮರದ ಬುಡದಲ್ಲಿ ಕೂತಿದ್ದರು.